ಓಟದ ದಾರಿ, ಊರಿನ ದಾರಿ

(ಗುಡ್ಡದ ಕಾಲುದಾರಿಗಳಲ್ಲಿ ಮ್ಯಾರಥಾನ್ ಓಟ ನಡೆಸುವ ಪ್ರಸ್ತಾಪದ ಕುರಿತು ನಮ್ಮ ಬಳಗದ ಸಭೆಯಲ್ಲಿ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಂದು ನಮ್ಮ ಮುಂದಿರುವ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದು. ನಗರದ ಕೆಲವು ಸಂಘಟಕರು ನಮ್ಮ ಗುಡ್ಡಗಳಲ್ಲಿ 42 ಕಿಲೋಮೀಟರಿನ ಓಟವೊಂದನ್ನು ಏರ್ಪಡಿಸಬೇಕೆಂದು ಬಯಸಿದ್ದಾರೆ. ಜನವರಿ ಕೊನೆಯ ವಾರ, 500 ಮಂದಿ ಓಟಗಾರರು, ಒಟ್ಟು 2,000 ಮೀಟರ್ ಏರು. ಶಾಲೆಯ ಮೈದಾನದಿಂದ ಹೊರಟು, ಕಾಫಿ ತೋಟಗಳ ನಡುವೆ ಹತ್ತಿ, ಕಾನಿನ ಅಂಚಿನಲ್ಲಿ ಸಾಗಿ, ಹುಲ್ಲಿನ ಗುಡ್ಡದ ನೆತ್ತಿ ಮುಟ್ಟಿ, ಸೊಪ್ಪಿನ ಬೆಟ್ಟದ ಮೂಲಕ ಇಳಿದು ಬರುವ ದಾರಿ. ಇದಕ್ಕೆ ಊರಿನ ಒಪ್ಪಿಗೆ ಪತ್ರ ಬೇಕೆಂದು ಕೇಳಿದ್ದಾರೆ. ಯುವಕರಲ್ಲಿ ಉತ್ಸಾಹವಿದೆ, ಹಿರಿಯರಲ್ಲಿ ಅನುಮಾನವಿದೆ. ನನ್ನಲ್ಲಿ ಎರಡೂ ಇವೆ. ಅವೆರಡನ್ನೂ ನಿಮ್ಮ ಮುಂದೆ ಬಿಚ್ಚಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಓಟ ನಮಗೆ ಹೊಸದಲ್ಲ

ಗುಡ್ಡದಲ್ಲಿ ಓಡುವುದು ಹೊರಗಿನವರು ತಂದುಕೊಟ್ಟ ಹವ್ಯಾಸವೆಂದು ತಿಳಿಯಬೇಕಾಗಿಲ್ಲ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರಿಹೋಗುವ ತನಕ ಬಹುಪಾಲು ಮನುಷ್ಯರ ಕಾಲಿನ ಮೇಲೆಯೇ ನಿಂತಿತ್ತು. ಕಾಗದದ ಚೀಲ ಹೊತ್ತ ಹರಿಕಾರರು ಒಂದು ಕಟ್ಟೆಯಿಂದ ಮುಂದಿನ ಕಟ್ಟೆಗೆ ಓಡಿ ಇನ್ನೊಬ್ಬನ ಕೈಗೆ ಚೀಲ ದಾಟಿಸುತ್ತಿದ್ದರು. ಅವರಿಗೆ ಪದಕವಿರಲಿಲ್ಲ, ಹೊತ್ತಿಗೆ ತಲುಪಬೇಕೆಂಬ ನೇಮವಿತ್ತು. ಇಂದಿಗೂ ಬಸ್ಸು ತಪ್ಪಿದ ಬೆಳಗು ನಮ್ಮ ಮಕ್ಕಳು ಗುಡ್ಡ ಇಳಿದು ಓಡುವುದನ್ನು ನಾವು ಕಾಣುತ್ತೇವೆ.

ನಡಿಗೆಯೂ ನಮ್ಮ ಚಳವಳಿಯ ಬೆನ್ನೆಲುಬು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತದ್ದರಿಂದ ಅಪ್ಪಿಕೋ ಹುಟ್ಟಿತು. 1987ರ ನವೆಂಬರಿನಿಂದ 1988ರ ಫೆಬ್ರವರಿ ತನಕ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ನಡೆಯಿತು. ಒಂದು ತಂಡ ದಕ್ಷಿಣದ ಕನ್ಯಾಕುಮಾರಿಯಿಂದ, ಮತ್ತೊಂದು ಉತ್ತರದ ತುದಿಯಿಂದ ಹೊರಟು ಗೋವೆಯಲ್ಲಿ ಕೂಡಿದವು. ಘಟ್ಟವನ್ನು ಕಾಲಿನಿಂದ ಅಳೆದವರಿಗೆ ಅದರ ಗಾಯಗಳೂ ಕಾಲಿಗೇ ತಿಳಿದವು. ಆದ್ದರಿಂದ ಗುಡ್ಡಕ್ಕೆ ಕಾಲಿಡಲು ಬರುವವರನ್ನು ಶತ್ರುಗಳೆಂದು ನೋಡುವುದು ನನ್ನ ಉದ್ದೇಶವಲ್ಲ. ಕಾರಿನಲ್ಲಿ ಬಂದು ತಿರುವಿನಲ್ಲಿ ಬಾಟಲಿ ಎಸೆದು ಹೋಗುವವರಿಗಿಂತ, ಬೆವರು ಸುರಿಸಿ ಗುಡ್ಡ ಹತ್ತುವವನು ನಮಗೆ ಹತ್ತಿರದವನು.

ನಾನೂ ಓಡಿದ್ದೆ

ಕೆಲವು ವರ್ಷಗಳ ಹಿಂದೆ ಬೇರೊಂದು ತಾಲ್ಲೂಕಿನಲ್ಲಿ ನಡೆದ ಇಂಥದೇ ಓಟವೊಂದರಲ್ಲಿ ನಾನೂ ಭಾಗವಹಿಸಿದ್ದೆ. ನನ್ನದು 30 ಕಿ.ಮೀ. ವಿಭಾಗ. ಬೆಳಗಿನ ಮಂಜಿನಲ್ಲಿ ಹೊರಟಾಗ ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಮಂಜು ಕಣಿವೆಗೆ ಇಳಿದು, ಗುಡ್ಡದ ತಲೆಗಳು ಮಾತ್ರ ನಡುಗಡ್ಡೆಗಳಂತೆ ಮೇಲೆ ಉಳಿದವು. ಹುಟ್ಟಿದಾಗಿನಿಂದ ಈ ಸೀಮೆಯಲ್ಲೇ ಇದ್ದವನಿಗೂ ಅದು ಹೊಸ ನೋಟವಾಗಿತ್ತು. ಉಸಿರು ಎದೆ ತುಂಬಿದಾಗ ಕಣ್ಣೂ ತೆರೆಯುತ್ತದೆ ಎಂದು ಅಂದು ಅರಿತೆ. ಈ ಸಂತೋಷವನ್ನು ಇತರರಿಗೆ ಬೇಡವೆನ್ನಲು ನನಗೆ ಅಧಿಕಾರವಿಲ್ಲ.

ಆದರೆ ಅದೇ ದಿನ ಇನ್ನೊಂದನ್ನೂ ಕಂಡೆ. ಸುಮಾರು 20ನೆಯ ಕಿಲೋಮೀಟರಿನಲ್ಲಿ ಇಕ್ಕಟ್ಟಾದ ಇಳಿಜಾರು. ಕೆಳಗಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ದರಗೆಲೆಯ ಹೊರೆ ಹೊತ್ತು ಬರುತ್ತಿದ್ದರು. ಓಟಗಾರರಿಗೆ ದಾರಿ ಬಿಡಲು ಬರೆಯ ಅಂಚಿಗೆ ಸರಿದು, ಒಂದು ಕೈಯಿಂದ ಬೇರು ಹಿಡಿದು ನಿಂತಿದ್ದರು. ಒಬ್ಬರ ಹಿಂದೆ ಒಬ್ಬರು ಇಳಿಯುತ್ತಲೇ ಇದ್ದೆವು. ಹೊರೆ ಇಳಿಸಿದರೆ ಮತ್ತೆ ತಲೆಗೇರಿಸಲು ಜೊತೆಗೆ ಯಾರೂ ಇರಲಿಲ್ಲ. ನಾನೂ ನಿಲ್ಲಲಿಲ್ಲ. "ಬರ್ತೀನಮ್ಮ" ಎಂದು ಹೇಳಿ ದಾಟಿಬಿಟ್ಟೆ. ಓಟ ಮುಗಿದು ಕೊರಳಿಗೆ ಪದಕ ಬಿದ್ದ ಮೇಲೆ ಆ ಬೇರು ಹಿಡಿದ ಕೈ ನೆನಪಿಗೆ ಬಂತು. ಆ ದಾರಿ ಅವರದಾಗಿತ್ತು.

ಮುಂದಿನ ಜುಲೈ ತಿಂಗಳಲ್ಲಿ ಕೆಲಸದ ನಿಮಿತ್ತ ಅದೇ ಊರಿಗೆ ಹೋದಾಗ ಆ ಇಳಿಜಾರನ್ನು ನೋಡಿಬಂದೆ. ಕಾಲುದಾರಿಯ ತಿರುವುಗಳನ್ನು ಬಿಟ್ಟು ಓಟಗಾರರು ನೇರವಾಗಿ ಇಳಿದಿದ್ದ ಜಾಗದಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿತ್ತು. ಅಲ್ಲಿಂದ ಹರಿದ ಕೆಮ್ಮಣ್ಣು ಕೆಳಗಿನ ಗದ್ದೆಯ ಒಂದು ಮೂಲೆಯಲ್ಲಿ ಹರಡಿ ಸಸಿಗಳನ್ನು ಮುಚ್ಚಿತ್ತು. ಗದ್ದೆಯ ಯಜಮಾನರು ಸಿಟ್ಟಿನಿಂದ ಮಾತನಾಡಲಿಲ್ಲ. "ಓಡಿದೋರು ಯಾರೂ ಮಳೆಗಾಲದಲ್ಲಿ ಬರಲಿಲ್ಲ ನೋಡಿ" ಎಂದಷ್ಟೇ ಹೇಳಿದರು. ನಾನು ಇಂದು ಇಲ್ಲಿ ನಿಂತು ಮಾತನಾಡುವುದಕ್ಕೆ ಆ ಒಂದು ಮಾತೇ ಕಾರಣ.

ಮಣ್ಣಿನ ಲೆಕ್ಕ

ಮಣ್ಣು ನನ್ನ ವೃತ್ತಿಯ ವಿಷಯ. ಸ್ವಲ್ಪ ಲೆಕ್ಕ ಮಾಡೋಣ. ಓಡುವವನು ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ ಹಾಕುತ್ತಾನೆ. 500 ಮಂದಿಗೆ, ಪ್ರತಿ ಕಿಲೋಮೀಟರಿಗೆ, ಐದು ಲಕ್ಷ ಹೆಜ್ಜೆ. ಈ ಸಂಖ್ಯೆಯನ್ನಷ್ಟೇ ಹೇಳಿ ನಿಮ್ಮನ್ನು ಹೆದರಿಸಿದರೆ ಅದು ನ್ಯಾಯವಲ್ಲ. ನಮ್ಮ ಶಾಲೆಯ ದಾರಿಯಲ್ಲಿ ದಿನಕ್ಕೆ ನಲವತ್ತು ಮಂದಿ ಹೋಗಿ ಬಂದರೆ ವಾರದೊಳಗೆ ಅಷ್ಟೇ ಹೆಜ್ಜೆಗಳು ಬೀಳುತ್ತವೆ. ಆ ದಾರಿ ಅಜ್ಜಂದಿರ ಕಾಲದಿಂದ ಇದೆ, ಕೊಚ್ಚಿಹೋಗಿಲ್ಲ. ಹಾಗಾದರೆ ತೊಂದರೆ ಎಲ್ಲಿದೆ?

ತೊಂದರೆ ಮೂರು ಬಗೆಯದು. ಮೊದಲನೆಯದು ಹೆಜ್ಜೆಯ ಭಾರ. ನಡೆಯುವವನ ಪಾದ ನೆಲಕ್ಕೆ ಒತ್ತುವುದು ಅವನ ತೂಕಕ್ಕಿಂತ ತುಸು ಹೆಚ್ಚು. ಓಡುವವನ ಪಾದ ತೂಕದ ಎರಡರಿಂದ ಮೂರು ಪಟ್ಟು ಒತ್ತಡದಿಂದ ಬೀಳುತ್ತದೆ. ಇಳಿಜಾರಿನಲ್ಲಿ ಆತ ಹಿಮ್ಮಡಿಯೂರಿ ವೇಗ ತಡೆಯುವಾಗ ಮಣ್ಣು ಮುಂದಕ್ಕೆ ಕಿತ್ತುಬರುತ್ತದೆ. ಎರಡನೆಯದು ದಾರಿಯ ಅಗಲ. ನಾವು ಒಬ್ಬರ ಹಿಂದೆ ಒಬ್ಬರು ಒಂದೇ ಜಾಡಿನಲ್ಲಿ ನಡೆಯುತ್ತೇವೆ. ಓಟದಲ್ಲಿ ಹಿಂದಿನವನು ಮುಂದಿನವನನ್ನು ದಾಟಲೇಬೇಕು, ಅದಕ್ಕಾಗಿ ಹುಲ್ಲು ಬೇರುಗಳ ಮೇಲೆ ಕಾಲಿಡುತ್ತಾನೆ. ಒಂದೂವರೆ ಅಡಿಯ ದಾರಿ ಐದು ಅಡಿಯಾಗುತ್ತದೆ. ಮೂರನೆಯದು ದಾರಿ ಸಾಗುವ ದಿಕ್ಕು. ಹಿರಿಯರು ಗುಡ್ಡವನ್ನು ಅಡ್ಡಡ್ಡಲಾಗಿ, ಬಳಸಿ ಬಳಸಿ ಹತ್ತಿದರು. ನೀರು ಆ ದಾರಿಯನ್ನು ದಾಟಿ ಹೋಗುತ್ತದೆ, ದಾರಿಯಲ್ಲೇ ಹರಿಯುವುದಿಲ್ಲ. ನೇರವಾಗಿ ಇಳಿದ ದಾರಿ ಮೊದಲ ಮಳೆಗೆ ಕಾಲುವೆಯಾಗುತ್ತದೆ.

ನಮ್ಮ ಮಳೆ ಎಂಥದೆಂಬುದನ್ನು ಮರೆಯಬಾರದು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆಯೆಂದರೆ ಒಂದು ಲೀಟರ್ ನೀರು. ಒಂದು ಮೀಟರ್ ಅಗಲ, ನೂರು ಮೀಟರ್ ಉದ್ದದ ದಾರಿಯ ತುಂಡಿನ ಮೇಲೆಯೇ ಒಂದು ವರ್ಷದಲ್ಲಿ ಏಳು ಲಕ್ಷ ಲೀಟರ್ ಬೀಳುತ್ತದೆ, ಮೇಲಿನ ಗುಡ್ಡದಿಂದ ಹರಿದು ಬರುವುದು ಬೇರೆ. ಒಂದು ಕಿ.ಮೀ. ಉದ್ದ, ಒಂದು ಮೀಟರ್ ಅಗಲದ ದಾರಿಯಿಂದ ಕೇವಲ ಒಂದು ಸೆಂಟಿಮೀಟರ್ ಮಣ್ಣು ತೊಳೆದುಹೋದರೂ ಅದು ಹತ್ತು ಘನ ಮೀಟರ್, ಹತ್ತು ಟನ್ನಿಗೂ ಮೀರಿದ ಮಣ್ಣು. ಅದು ಹೋಗಿ ಕೂರುವುದು ನಮ್ಮ ಕೆರೆಯಲ್ಲಿ, ಗದ್ದೆಯಲ್ಲಿ, ಹಳ್ಳದ ಮೀನು ಮೊಟ್ಟೆಯಿಡುವ ಕಲ್ಲುಗಳ ನಡುವೆ.

ನೆತ್ತಿಯ ಹುಲ್ಲುಗಾವಲಿನ ವಿಷಯ ಇನ್ನೂ ಸೂಕ್ಷ್ಮ. ಹೊರಗಿನವರು ಅದನ್ನು ಬೋಳುಗುಡ್ಡವೆನ್ನುತ್ತಾರೆ. ಅಲ್ಲಿ ಬಂಡೆಯ ಮೇಲೆ ತೆಳ್ಳನೆಯ ಮಣ್ಣು, ಆ ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರು. ಸುರಿದ ಮಳೆಯನ್ನು ಹೀರಿ ಕಣಿವೆಯ ಶೋಲಾ ಕಾಡಿಗೆ, ಅಲ್ಲಿಂದ ನಮ್ಮ ಒರತೆಗೆ ಮೆಲ್ಲಗೆ ಇಳಿಸುವುದು ಅದೇ ಹುಲ್ಲು. 2022ರಲ್ಲಿ ಚಂದ್ರದ್ರೋಣ ಸಾಲಿನಲ್ಲಿ ಅರಳಿದ ನೀಲಕುರಿಂಜಿ ಹುಟ್ಟುವುದೂ ಇಂಥ ಇಳಿಜಾರುಗಳಲ್ಲೇ. ಅಲ್ಲಿ ಕಿತ್ತುಹೋದ ಒಂದು ಹುಲ್ಲಿನ ಬುಡದ ಜಾಗ ಮತ್ತೆ ಮುಚ್ಚಲು ವರ್ಷಗಳು ಬೇಕು.

ಬೂಟಿಗೆ ಅಂಟಿದ ಮಣ್ಣು

ಸಂಘಟಕರ ಪತ್ರದಲ್ಲಿ ಕಸದ ಬುಟ್ಟಿಗಳ ಬಗ್ಗೆ ಒಂದು ಪುಟವಿದೆ. ಬೂಟುಗಳ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ದೃಷ್ಟಿಯಲ್ಲಿ ಪ್ಲಾಸ್ಟಿಕ್ಕಿಗಿಂತ ಬೂಟು ದೊಡ್ಡ ವಿಷಯ.

ನ್ಯೂಜಿಲೆಂಡ್ ದೇಶದಲ್ಲಿ ಕೌರಿ ಎಂಬ ಮಹಾವೃಕ್ಷಗಳಿವೆ, ಸಾವಿರ ವರ್ಷ ಮೀರಿ ಬದುಕುವಂಥವು. ಫೈಟಾಫ್ತೊರಾ ಜಾತಿಯ ಒಂದು ರೋಗಾಣು ಅವುಗಳ ಬೇರನ್ನು ಕೊಳೆಸುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಸುಪ್ತವಾಗಿರುವ ಅದು ಚಾರಣಿಗರ ಬೂಟಿಗೆ ಅಂಟಿದ ಚಿಟಿಕೆಗಿಂತ ಕಡಿಮೆ ಮಣ್ಣಿನಲ್ಲೂ ಒಂದು ಕಾಡಿನಿಂದ ಮತ್ತೊಂದಕ್ಕೆ ದಾಟುತ್ತದೆ. ಆಕ್ಲೆಂಡ್ ಬಳಿಯ ವೈಟಾಕೆರೆ ಬೆಟ್ಟಗಳಲ್ಲಿ ರೋಗ ಹಬ್ಬಿದಾಗ, ಆ ಕಾಡಿನ ಮೂಲನಿವಾಸಿ ಮಾವೊರಿ ಸಮುದಾಯದವರು 2017ರ ಡಿಸೆಂಬರಿನಲ್ಲಿ ತಮ್ಮ ಸಂಪ್ರದಾಯದಂತೆ ಕಾಡಿಗೆ ಪ್ರವೇಶ ನಿಷೇಧ ಸಾರಿದರು. ಮರುವರ್ಷ ನಗರಾಡಳಿತವೂ ಕಾಡನ್ನು ಮುಚ್ಚಿತು. ಮೊದಲು ಹೆಜ್ಜೆ ಇಟ್ಟವರು ಅಲ್ಲಿನ ಜನ, ಸರ್ಕಾರ ಹಿಂಬಾಲಿಸಿತು ಎಂಬುದನ್ನು ಗಮನಿಸಿ. ಅಲ್ಲಿನ ಕಾಡುದಾರಿಗಳ ಬಾಯಿಯಲ್ಲಿ ಬೂಟು ಉಜ್ಜಿ, ಔಷಧ ಸಿಂಪಡಿಸಿಕೊಂಡೇ ಒಳಹೋಗುವ ಕಟ್ಟೆಗಳನ್ನು ನಿರ್ಮಿಸಿದ್ದಾರೆ.

ಫೈಟಾಫ್ತೊರಾ ಎಂಬ ಹೆಸರು ನಿಮಗೆ ಅಪರಿಚಿತವೆನಿಸಬಹುದು. ಅದರ ಕೆಲಸ ನಿಮಗೆ ಚೆನ್ನಾಗಿ ಗೊತ್ತು. ನಮ್ಮ ಅಡಿಕೆಯ ಕೊಳೆರೋಗ ಇದೇ ಕುಲದ್ದು. ನೂರು ವರ್ಷಗಳಿಗೂ ಹಿಂದೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅವರು ಇದನ್ನೇ ಅಭ್ಯಸಿಸಿ ಬೋರ್ಡೊ ದ್ರಾವಣದ ದಾರಿ ತೋರಿದರು. ಕಾಳುಮೆಣಸಿನ ಬಳ್ಳಿಯನ್ನು ಕೆಲವೇ ದಿನಗಳಲ್ಲಿ ಬಾಡಿಸುವ ಸೊರಗು ರೋಗವೂ ಇದೇ ಕುಲದ್ದು, ಅದಂತೂ ಮಣ್ಣಿನಿಂದಲೇ ಹರಡುತ್ತದೆ. ಸೊರಗು ಬಂದ ತೋಟದಲ್ಲಿ ಬಳಸಿದ ಗುದ್ದಲಿಯನ್ನು ತೊಳೆಯದೆ ನಮ್ಮ ತೋಟಕ್ಕೆ ತರುವುದಿಲ್ಲ. ಹಾಗಿರುವಾಗ ಒಂದೇ ಬೆಳಗಿನಲ್ಲಿ ಹತ್ತಾರು ತೋಟಗಳನ್ನು ದಾಟುವ ಸಾವಿರ ಬೂಟುಗಳನ್ನು ತೊಳೆಸದೆ ಬಿಡುವುದು ಯಾವ ಬುದ್ಧಿವಂತಿಕೆ? ತೋಟದ ಒಳದಾರಿಯಲ್ಲಿ ಓಟ ಹೋಗುವುದಾದರೆ ಆ ತೋಟದ ಯಜಮಾನರಿಗೆ ಈ ಅಪಾಯವನ್ನು ಮೊದಲು ತಿಳಿಸಬೇಕು.

ಯಾವ ತಿಂಗಳು?

ಜನವರಿಯಲ್ಲಿ ಹವೆ ತಂಪು, ಆಕಾಶ ತಿಳಿ, ಓಡಲು ಹಿತವೆಂದು ಸಂಘಟಕರು ಬರೆದಿದ್ದಾರೆ. ಓಡುವವರಿಗೆ ಅದು ನಿಜ. ಗುಡ್ಡಕ್ಕೆ ಹಾಗೂ ಊರಿಗೆ ಯಾವ ತಿಂಗಳು ಹಿತ?

ಜೂನ್‌ನಿಂದ ಸೆಪ್ಟೆಂಬರ್ ಮಾತೇ ಇಲ್ಲ. ಇಂಬಳದ ಕಾಟ ಒತ್ತಟ್ಟಿಗಿರಲಿ, ನೆನೆದ ಮಣ್ಣು, ಜಾರುವ ಬರೆ, ಹಬ್ಬುವ ಕೊಳೆ. ಡಿಸೆಂಬರ್, ಜನವರಿ ಕೊಯ್ಲಿನ ಕಾಲ. ಅಡಿಕೆ ಸುಲಿತ, ಅರೇಬಿಕಾ ಹಣ್ಣಿನ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಆಳುಗಳು ಸಿಗದ ದಿನಗಳಲ್ಲಿ ಊರಿನ ಯುವಕರೆಲ್ಲ ಬಾವುಟ ಹಿಡಿದು ತಿರುವಿನಲ್ಲಿ ನಿಂತರೆ ಕಣದಲ್ಲಿ ಯಾರಿರಬೇಕು? ಫೆಬ್ರವರಿಯಿಂದ ಏಪ್ರಿಲ್ ತನಕ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು.

ಇದಕ್ಕಿಂತ ಗಂಭೀರವಾದದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗುಗಳಿಂದ ಹರಡುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿ ಉಣುಗುಗಳು ಕಾಡಿನ ದರಗೆಲೆಯಲ್ಲಿ ತುಂಬಿರುವುದು, ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತಿಂಗಳ ನಡುವೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಹಾನಿಯನ್ನು ನಾವು ಮರೆತಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡುವುದಿಲ್ಲವೆಂದು 2022ರಲ್ಲಿ ನಿಂತುಹೋಯಿತು. ನಾವು ಸತ್ತ ಮಂಗನನ್ನು ಕಂಡರೆ ಆ ಕಾಡಿಗೆ ಕಾಲಿಡುವುದಿಲ್ಲ, ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತೇವೆ, ಡೆಪಾ ತೈಲ ಹಚ್ಚಿಕೊಳ್ಳುತ್ತೇವೆ. ತುಂಡು ಚಡ್ಡಿ ತೊಟ್ಟು ಕಾನಿನ ಅಂಚಿನಲ್ಲಿ ಓಡಿ, ಮರುದಿನ ನಗರಕ್ಕೆ ಮರಳಿ, ವಾರದ ಮೇಲೆ ಜ್ವರ ಬಂದಾಗ ಅಲ್ಲಿನ ವೈದ್ಯರಿಗೆ ಕಾಡಿಗೆ ಹೋಗಿದ್ದೆನೆಂದು ಹೇಳಲೂ ತೋಚದವನ ಗತಿ ಏನು?

ಹೀಗೆ ಒಂದೊಂದಾಗಿ ಕಳೆದರೆ ಉಳಿಯುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನ ತನಕದ ಚಿಕ್ಕ ಕಿಂಡಿ. ಆಗಲೂ ಮಣ್ಣು ಹದಕ್ಕೆ ಬಂದಿದೆಯೇ ಎಂದು ನೋಡಬೇಕು. ಉಪಾಯ ಸುಲಭ. ದಾರಿಯಲ್ಲಿ ಒಂದು ಗೇಣು ಆಳದ ಮಣ್ಣು ತೆಗೆದು ಅಂಗೈಗಳ ನಡುವೆ ಹೊಸೆಯಿರಿ. ಒತ್ತು ಶಾವಿಗೆಯ ಎಳೆಯಂತೆ ಮುರಿಯದೆ ಬಂದರೆ ಮಣ್ಣು ಇನ್ನೂ ಹಸಿ, ಕಾಲು ಬಿದ್ದರೆ ಅಚ್ಚೊತ್ತಿ ಗಟ್ಟಿಯಾಗುತ್ತದೆ. ಎಳೆಯಾಗುವ ಮೊದಲೇ ಪುಡಿಯಾದರೆ ಭಾರ ತಾಳುತ್ತದೆ.

ಜೀವದ ಪ್ರಶ್ನೆ

ಗುಡ್ಡದ ಓಟ ರಸ್ತೆಯ ಓಟವಲ್ಲ. ನಡಿಗೆಯ ಹೊತ್ತನ್ನು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ ಸ್ಥೂಲವಾಗಿ ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಓಟದ 42 ಕಿ.ಮೀ. ಮತ್ತು 2,000 ಮೀಟರ್ ಏರಿಗೆ ಇದನ್ನು ಅನ್ವಯಿಸಿದರೆ ಹನ್ನೊಂದು ಮುಕ್ಕಾಲು ಗಂಟೆ. ಮುಂದಿನವರು ಐದಾರು ಗಂಟೆಯಲ್ಲಿ ಮುಗಿಸಿಯಾರು. ಕೊನೆಯವರು ಬಹುಪಾಲು ನಡೆದೇ ಬರುವವರು. ಬೆಳಗ್ಗೆ ಆರೂವರೆಗೆ ಹೊರಟವರು ಸಂಜೆ ಆರು ಕಾಲಿಗೆ, ಕತ್ತಲೆ ಕವಿಯುವಾಗ, ಕಾನಿನ ಅಂಚಿನಲ್ಲಿರುತ್ತಾರೆ. ಆನೆ, ಕಾಟಿ ಹೊರಡುವ ಹೊತ್ತು ಅದು.

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದ ನೂರು ಕಿಲೋಮೀಟರಿನ ಗುಡ್ಡದ ಓಟದಲ್ಲಿ 172 ಮಂದಿ ಭಾಗವಹಿಸಿದ್ದರು. ನಡು ಹಗಲಿನಲ್ಲಿ ಎತ್ತರದ ಏರಿನ ಮೇಲೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಬಂತು. ತೆಳು ಬಟ್ಟೆಯಲ್ಲಿದ್ದ ಓಟಗಾರರಲ್ಲಿ 21 ಮಂದಿ ಸತ್ತರು, ಅವರಲ್ಲಿ ಆ ದೇಶದ ಅತಿ ಶ್ರೇಷ್ಠ ಓಟಗಾರ ಲಿಯಾಂಗ್ ಜಿಂಗ್ ಕೂಡ ಇದ್ದರು. ಅಂದು ಆರು ಜೀವಗಳನ್ನು ಉಳಿಸಿದವರು ಝು ಕೆಮಿಂಗ್ ಎಂಬ ಕುರಿಗಾಹಿ. ಮಳೆಗೆ ತಾವು ಆಸರೆ ಪಡೆದಿದ್ದ ಗುಹೆಗೆ ಅವರನ್ನು ಕರೆದೊಯ್ದು, ಬೆಂಕಿ ಹೊತ್ತಿಸಿ, ಹೊದಿಸಿ ಕೂರಿಸಿದರು. ಗುಡ್ಡ ಬಲ್ಲವನು ಗುಡ್ಡದವನೇ. ಮಾರ್ಗ, ಹವೆ, ಆಸರೆಯ ಜಾಗ ಇವುಗಳನ್ನು ನಿರ್ಧರಿಸುವಾಗ ಊರಿನವರ ಮಾತು ಕೊನೆಯ ಮಾತಾಗಿರಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಇನ್ನೊಂದು ಅಪಾಯ ನೀರಿನದು. ಬಾಯಾರಿಕೆಯಿಲ್ಲದೆಯೂ ಬರೇ ನೀರು ಕುಡಿಯುತ್ತ ಹೋದರೆ ರಕ್ತದ ಉಪ್ಪಿನಂಶ ಇಳಿಯುತ್ತದೆ, ಅತಿಯಾದರೆ ಪ್ರಾಣಕ್ಕೇ ಕುತ್ತು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಈ ಕೊರತೆ ಕಂಡಿತ್ತು. ನಮ್ಮ ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಮುರುಗಲು ಪಾನಕ, ಬೆಲ್ಲ, ಬಾಳೆಹಣ್ಣು, ಇವು ಹೊಳೆಯುವ ಪೊಟ್ಟಣದ ತಿನಿಸಿಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ. ಹರಿದೆಸೆದ ಪೊಟ್ಟಣ ದನದ ಹೊಟ್ಟೆ ಸೇರುವ ಭಯವೂ ಇಲ್ಲ.

ಲಾಭ ಯಾರಿಗೆ?

ಮೆಕ್ಸಿಕೋದ ತಾಮ್ರ ಕಣಿವೆಯಲ್ಲಿ ರಾರಾಮುರಿ ಎಂಬ ಬೆಟ್ಟದ ಜನರಿದ್ದಾರೆ. ಓಟ ಅವರ ಬದುಕಿನ ಭಾಗ. ಹಳೆಯ ಟೈರಿನ ಅಟ್ಟೆಯ ಚಪ್ಪಲಿ ತೊಟ್ಟು ದಿನಗಟ್ಟಲೆ ಓಡಬಲ್ಲರು. ಅವರಲ್ಲೊಬ್ಬಳಾದ ಮರಿಯಾ ಲೊರೆನಾ ರಮಿರೆಜ್ 2017ರಲ್ಲಿ ಲಂಗ, ಚಪ್ಪಲಿಯಲ್ಲೇ ಓಡಿ 50 ಕಿ.ಮೀ. ಓಟವನ್ನು ಗೆದ್ದಳು. ಆ ಕಣಿವೆಯ ಊರಿಕೆ ಊರಿನಲ್ಲಿ 2003ರಿಂದ ಆರಂಭವಾದ ಓಟದಲ್ಲಿ, ಓಟ ಮುಗಿಸಿದ ರಾರಾಮುರಿಗಳಿಗೆ ಮೆಕ್ಕೆಜೋಳದಂಥ ಧಾನ್ಯ ಪಡೆಯುವ ಚೀಟಿ ಕೊಡುವ ಪದ್ಧತಿ ಬೆಳೆಯಿತು. ಹೊರಗಿನವರ ಹಣ ಊರಿನ ಕಣಜಕ್ಕೆ ಕಾಳಾಗಿ ಬಂತು. ಈ ಮಾದರಿ ನನಗೆ ಹಿಡಿಸಿತು.

ಕಾನೂನಿನ ಮಾತನ್ನೂ ನೆನಪಿಸುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೆಯ ಕಲಮು, ಸಮುದಾಯದ ಅರಣ್ಯ ಸಂಪನ್ಮೂಲದ ಬಳಕೆಯನ್ನು ನಿಯಂತ್ರಿಸುವ, ಕಾಡಿಗೆ ಕೇಡಾಗುವ ಚಟುವಟಿಕೆಯನ್ನು ನಿಲ್ಲಿಸುವ ತೀರ್ಮಾನಗಳ ಪಾಲನೆಯನ್ನು ಗ್ರಾಮಸಭೆಗೆ ವಹಿಸಿದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ಜಾತ್ರೆಯೇ ನೆರೆದ ಮೇಲೆ ಸರ್ಕಾರ ಚಾರಣವನ್ನು ತಡೆದು, ಅದೇ ವರ್ಷ ಮುಂಗಡ ನೋಂದಣಿ ಹಾಗೂ ಸಂಖ್ಯೆಯ ಮಿತಿಯೊಡನೆ ಮತ್ತೆ ತೆರೆಯಿತು. ಜಾತ್ರೆ ನೆರೆದ ಮೇಲೆ ಮಿತಿ ಹಾಕುವುದಕ್ಕಿಂತ ಮೊದಲೇ ಹಾಕುವುದು ಲೇಸು.

ನನ್ನ ಸಲಹೆ

ಜನವರಿಯ ಈ ಪ್ರಸ್ತಾಪಕ್ಕೆ ಈಗಿರುವ ರೂಪದಲ್ಲಿ ಒಪ್ಪಿಗೆ ಬೇಡ. ಆದರೆ ಬಾಗಿಲು ಮುಚ್ಚುವುದೂ ಬೇಡ. ಈ ಷರತ್ತುಗಳನ್ನು ಒಪ್ಪಿದರೆ ಮುಂದಿನ ನವೆಂಬರಿಗೆ ಬರಲಿ:

1. ಮೊದಲ ವರ್ಷ ಓಟಗಾರರು 150 ಮೀರಬಾರದು.

2. ನೆತ್ತಿಯ ಹುಲ್ಲುಗಾವಲು, ಕಾನಿನ ಅಂಚು ಹಾಗೂ ಸೊಪ್ಪಿನ ಬೆಟ್ಟದ ಕಡಿದಾದ ಇಳಿಜಾರನ್ನು ಬಿಡಬೇಕು. ತೋಟದ ಜೀಪು ರಸ್ತೆ, ಹಳೆಯ ಗಾಡಿ ದಾರಿಗಳಲ್ಲಿ ಓಟ ಸಾಗಲಿ. ದೂರ 30 ಕಿ.ಮೀ. ಆದರೂ ಚಿಂತೆಯಿಲ್ಲ. 42ರ ಸಂಖ್ಯೆ 1908ರ ಲಂಡನ್ ಓಟದಲ್ಲಿ ನಿಂತದ್ದೇ ಹೊರತು ನಮ್ಮ ಗುಡ್ಡ ಹೇಳಿದ್ದಲ್ಲ.

3. ಓಟದ ಹಿಂದಿನ ದಿನ ಮಣ್ಣಿನ ಹದ ನೋಡಿ, ಬೇಡವೆಂದರೆ ನಿಲ್ಲಿಸುವ ಅಧಿಕಾರ ಊರಿನದು.

4. ಆರಂಭದಲ್ಲಿಯೂ ತೋಟದಿಂದ ತೋಟಕ್ಕೆ ದಾಟುವಲ್ಲಿಯೂ ಬೂಟು ಉಜ್ಜಿ ತೊಳೆದು, ಔಷಧ ಸಿಂಪಡಿಸುವ ಕಟ್ಟೆ ಇರಬೇಕು.

5. ಮಧ್ಯಾಹ್ನ ಮೂರರ ನಂತರ ಕಾಡಿನ ಸಮೀಪ ಯಾರೂ ಇರಬಾರದು. ತಡವಾದವರನ್ನು ವಾಹನದಲ್ಲಿ ಕೆಳಗಿಳಿಸಬೇಕು. ಉಣುಗು ಮತ್ತು ಜ್ವರದ ತಿಳಿವಳಿಕೆ ಪತ್ರ ಪ್ರತಿಯೊಬ್ಬರ ಕೈಯಲ್ಲಿರಬೇಕು.

6. ಆಹಾರ, ಪಾನೀಯ ಊರಿನ ಹೆಂಗಸರ ಸಂಘದಿಂದ, ನ್ಯಾಯವಾದ ಬೆಲೆಗೆ. ಲೋಟ ಓಟಗಾರರದೇ.

7. ದಾರಿ ದುರಸ್ತಿಗೆ ಮುಂಗಡ ಠೇವಣಿ ಇಡಬೇಕು. ಅದು ಅವರಿಗೆ ಮರಳುವುದು ಓಟ ಮುಗಿದ ಮರುದಿನವಲ್ಲ, ಮುಂದಿನ ಮಳೆಗಾಲ ಕಳೆದು, ಅವರೂ ನಾವೂ ಜೊತೆಯಾಗಿ ದಾರಿಯನ್ನು ನಡೆದು ನೋಡಿದ ಮೇಲೆ.

8. ದಾರಿಯಲ್ಲಿ ಹೊರೆ ಹೊತ್ತವರು, ದನ ಹೊಡೆದುಕೊಂಡು ಹೋಗುವವರು, ಶಾಲೆಯ ಮಕ್ಕಳು ಎದುರಾದರೆ ನಿಲ್ಲಬೇಕಾದವನು ಓಟಗಾರ. ನಿಲ್ಲದವನನ್ನು ಓಟದಿಂದ ಕೈಬಿಡಬೇಕು.

ಎಂಟನೆಯ ಷರತ್ತನ್ನು ಕೊನೆಯಲ್ಲಿ ಹೇಳಿದೆನಾದರೂ ನನಗೆ ಅದೇ ಮೊದಲನೆಯದು. ಅಂದು ನಾನು ನಿಂತಿದ್ದರೆ ಒಂದು ನಿಮಿಷ ಕಳೆಯುತ್ತಿತ್ತು, ಅಷ್ಟೇ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ನಮ್ಮ ಮಾತಿಗೆ ಬಲ ಬರಬೇಕಾದರೆ ಅಳತೆ ಬೇಕು. ದಾರಿಯ ಹತ್ತು ಜಾಗಗಳಲ್ಲಿ ಎರಡೂ ಬದಿಗೆ ಗೂಟ ನೆಟ್ಟು ದಾರ ಬಿಗಿದು, ದಾರದಿಂದ ನೆಲಕ್ಕೆ ಒಂದೊಂದು ಗೇಣಿಗೂ ಆಳ ಅಳೆದು ಬರೆದಿಡೋಣ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ. ಎರಡೂ ಬದಿ ತೆರೆದ ತಗಡಿನ ಡಬ್ಬಿಯನ್ನು ದಾರಿಯ ಮೇಲೊಮ್ಮೆ, ಪಕ್ಕದ ಹುಲ್ಲಿನಲ್ಲೊಮ್ಮೆ ಎರಡು ಬೆರಳಿನಷ್ಟು ಆಳಕ್ಕೆ ಒತ್ತಿ, ಒಂದು ಲೀಟರ್ ನೀರು ಹೊಯ್ದು, ಇಂಗಲು ಎಷ್ಟು ನಿಮಿಷ ಬೇಕೆಂದು ನೋಡೋಣ. ಆ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಕಂಡವರಿಗೆ ನನ್ನ ಈ ಉದ್ದ ಭಾಷಣದ ಅಗತ್ಯವೇ ಇರುವುದಿಲ್ಲ.

ಬರುವ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಶಾಲೆಯ ಮೈದಾನದಲ್ಲಿ ಸೇರೋಣ. ಡಬ್ಬಿ, ದಾರ, ಅಳತೆ ಪಟ್ಟಿ ನಾನು ತರುತ್ತೇನೆ. ಸಂಘಟಕರನ್ನೂ ಕರೆದಿದ್ದೇನೆ. ಅವರು ಬರುವುದಾಗಿ ಒಪ್ಪಿದ್ದಾರೆ. ಅಂದು ಯಾರೂ ಓಡುವುದಿಲ್ಲ, ಎಲ್ಲರೂ ನಡೆಯೋಣ.